ತಾತನ ಕೋವಿ, ಮೊಮ್ಮಗಳ ಹೆಗಲು

ಉತ್ತರ ಸ್ವೀಡನ್ನಿನ ಯಾವುದಾದರೊಂದು ಹಳ್ಳಿಗೆ ಸೆಪ್ಟೆಂಬರ್ ತಿಂಗಳ ಮೊದಲನೆಯ ಸೋಮವಾರ ಹೋಗಿ ಇಳಿದ ಪ್ರವಾಸಿಗೆ ಅಂದು ಬಡಗಿ ಸಿಕ್ಕುವುದು ಕಷ್ಟ. ಕೊಳಾಯಿ ದುರಸ್ತಿಯವನು ಸಿಕ್ಕುವುದೂ ಕಷ್ಟ. ಅದೃಷ್ಟ ತೀರ ಕೆಟ್ಟಿದ್ದರೆ ಹಲ್ಲಿನ ವೈದ್ಯನೂ ಸಿಕ್ಕಲಾರ. ಊರಿಗೆ ಊರೇ ಕಾಡು ಸೇರಿರುತ್ತದೆ. ನಮ್ಮಲ್ಲಿ ಗೌರಿ-ಗಣೇಶ ಹಬ್ಬಕ್ಕೆ ಪಟ್ಟಣದ ಮಕ್ಕಳು ಹಳ್ಳಿಯ ಮನೆಗೆ ಬಂದು ಸೇರುವಂತೆ, ಅಲ್ಲಿಯೂ ಸ್ಟಾಕ್‌ಹೋಮಿನಲ್ಲಿ ಉದ್ಯೋಗದಲ್ಲಿರುವ ಗಂಡುಮಕ್ಕಳೂ ಹೆಣ್ಣುಮಕ್ಕಳೂ ರಜೆ ಪಡೆದು ಹಿಂದಿನ ಶನಿವಾರವೇ ತವರಿಗೆ ಬಂದಿಳಿಯುತ್ತಾರೆ. ಅಂದು ಮೂಸ್ ಬೇಟೆಯ ಮೊದಲ ದಿನ. ಸೂರ್ಯೋದಯಕ್ಕೆ ಒಂದು ಗಂಟೆ ಮುಂಚಿನಿಂದ ಸರಕಾರದ ಅನುಮತಿ ಜಾರಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಪ್ರತಿಯೊಬ್ಬನೂ ತನ್ನ ಗೊತ್ತಾದ ಮರದ ಬುಡದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾನೆ.

ಈ ಹಬ್ಬವನ್ನು ಅದರ ಪೂರ್ಣ ಗಾಂಭೀರ್ಯದಲ್ಲಿ ಕಾಣಬೇಕಾದರೆ ಯೆಮ್ಟ್‌ಲಾಂಡ್ ಪ್ರಾಂತಕ್ಕೆ ಹೋಗಬೇಕು. ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಸ್ಪ್ರೂಸ್, ಪೈನ್, ಬರ್ಚ್ ಮರಗಳು, ನಡುನಡುವೆ ಕಂದು ಬಣ್ಣದ ಜೌಗು, ಮತ್ತೆ ಮರಗಳು. ಬೇಸರ ಬಂದೀತು ಎನ್ನುವ ವೇಳೆಗೆ ಸ್ಟೂರ್‌ಷೋನ್ ಎಂಬ ವಿಶಾಲವಾದ ಸರೋವರ ಕಣ್ಣಿಗೆ ಬೀಳುತ್ತದೆ. ಆ ಹೆಸರಿನ ಅರ್ಥ 'ದೊಡ್ಡಕೆರೆ' ಎಂದಷ್ಟೆ. ಅದರ ದಡದಲ್ಲಿ ಪ್ರಾಂತದ ಮುಖ್ಯ ಪಟ್ಟಣವಾದ ಓಸ್ಟರ್‌ಸುಂಡ್ ಇದೆ. ಸರೋವರದಲ್ಲಿ ಒಂದು ಮಹಾ ಜಲರಾಕ್ಷಸ ವಾಸವಾಗಿದೆಯೆಂದು ಊರವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಅದನ್ನು ನಂಬುವುದೂ ಬಿಡುವುದೂ ಪ್ರವಾಸಿಗೆ ಸೇರಿದ್ದು. ಸುತ್ತಲಿನ ಕಾಡಿನಲ್ಲಿರುವ ಮಹಾಪ್ರಾಣಿಯ ವಿಷಯದಲ್ಲಿ ಮಾತ್ರ ಸಂದೇಹಕ್ಕೆಡೆಯಿಲ್ಲ.

ಮೂಸ್ ಜಿಂಕೆಯ ಕುಲದಲ್ಲೆಲ್ಲ ಅತ್ಯಂತ ದೊಡ್ಡದು. ನಮ್ಮ ಮಲೆನಾಡಿನ ಕಡವೆಯನ್ನು ಕಂಡವರು ಅದರ ಹೆಚ್ಚುಕಡಿಮೆ ಎರಡರಷ್ಟು ತೂಕವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಬಲಿತ ಗಂಡಿನ ಭುಜ ಎರಡು ಮೀಟರ್ ಎತ್ತರಕ್ಕೆ ಬರುತ್ತದೆ. ತೂಕ ೪೦೦ರಿಂದ ೫೦೦ ಕಿಲೋಗ್ರಾಂವರೆಗೂ ಇರುವುದುಂಟು. ಕಾಲುಗಳು ಊರುಗೋಲು ಕಟ್ಟಿಕೊಂಡಂತೆ ಉದ್ದ, ಮೂತಿ ಜೋಲು, ಗದ್ದದ ಕೆಳಗೆ ಒಂದು ತೊಗಲಿನ ಚೀಲ, ತಲೆಯ ಮೇಲೆ ಅಂಗೈ ಬಿಡಿಸಿದಂಥ ಕೊಂಬು. ಆ ಕೊಂಬು ಪ್ರತಿ ಚಳಿಗಾಲದಲ್ಲಿ ಕಳಚಿ ಬಿದ್ದು ಮತ್ತೆ ಹೊಸದಾಗಿ ಹುಟ್ಟುತ್ತದೆ. ಕಣ್ಣು ಅಷ್ಟು ಚುರುಕಲ್ಲ, ಆದರೆ ಕಿವಿ ಮೂಗುಗಳು ಮಾತ್ರ ಬೇಟೆಗಾರನಿಗಿಂತ ಒಂದು ಗಳಿಗೆ ಮುಂದು. ಇಷ್ಟು ದೊಡ್ಡ ದೇಹ ಜೌಗಿನಲ್ಲಿ ಸದ್ದಿಲ್ಲದೆ ನಡೆದುಹೋಗುವುದನ್ನು ಕಂಡವರು ಮೊದಲು ತಮ್ಮ ಕಣ್ಣನ್ನೇ ನಂಬುವುದಿಲ್ಲ.

ಒಂದು ಕಾಲದಲ್ಲಿ ಈ ಪ್ರಾಣಿ ರಾಜನಿಗೂ ಸರದಾರರಿಗೂ ಮೀಸಲಾಗಿತ್ತು. ೧೭೮೯ರಲ್ಲಿ ಮೂರನೆಯ ಗುಸ್ತಾವ್ ದೊರೆ ರೈತರಿಗೆ ತಮ್ಮ ತಮ್ಮ ಜಮೀನಿನಲ್ಲಿ ಬೇಟೆಯಾಡುವ ಹಕ್ಕನ್ನು ಕೊಟ್ಟ. ಹಕ್ಕು ಬಂದೊಡನೆ ಕೋವಿಗಳೂ ಹೊರಬಂದುವು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮೂಸ್ ಸಂತತಿ ನಾಶದ ಅಂಚಿಗೆ ಹೋಗಿತ್ತು. ಆಮೇಲೆ ಕಟ್ಟುನಿಟ್ಟಾದ ನಿಯಮಗಳು ಬಂದುವು. ಇಪ್ಪತ್ತನೆಯ ಶತಮಾನದಲ್ಲಿ ಮರ ಕಡಿದ ಬಯಲುಗಳಲ್ಲಿ ಎಳೆಯ ಸಸಿಗಳ ಮೇವು ಹೇರಳವಾಯಿತು. ಸಂತತಿ ಎಷ್ಟು ಬೆಳೆಯಿತೆಂದರೆ ೧೯೮೨ರಲ್ಲಿ ಒಂದೇ ವರ್ಷ ಸುಮಾರು ೧,೭೪,೦೦೦ ಮೂಸ್‌ಗಳನ್ನು ಹೊಡೆದರು. ಇತ್ತೀಚಿನ ವರ್ಷಗಳಲ್ಲಿ ಆ ಲೆಕ್ಕ ಅದರ ಅರ್ಧಕ್ಕಿಂತಲೂ ಕೆಳಗಿಳಿದಿದೆ. ಯಾವ ಪ್ರದೇಶದಲ್ಲಿ ಎಷ್ಟು ದೊಡ್ಡವು, ಎಷ್ಟು ಕರುಗಳು ಎಂದು ಮುಂಚಿತವಾಗಿ ಗೊತ್ತುಮಾಡಿರುತ್ತಾರೆ. ಹಾಗೆ ಮಾಡದಿದ್ದರೆ ಒಂದು ಕಡೆ ಕಾಡಿನ ಸಸಿಗಳು ಉಳಿಯುವುದಿಲ್ಲ, ಇನ್ನೊಂದು ಕಡೆ ಹೆದ್ದಾರಿಯಲ್ಲಿ ಜನರು ಉಳಿಯುವುದಿಲ್ಲ. ಪ್ರತಿ ವರ್ಷವೂ ಸಾವಿರಾರು ಕಾರುಗಳು ಮೂಸ್‌ಗೆ ಡಿಕ್ಕಿ ಹೊಡೆಯುತ್ತವೆ. ಕಾಲು ಉದ್ದವಾದ್ದರಿಂದ ಕಾರು ತಗುಲಿದಾಗ ಪ್ರಾಣಿಯ ಇಡೀ ಒಡಲು ಮುಂದಿನ ಗಾಜಿನ ಮೇಲೆಯೇ ಬಂದು ಬೀಳುತ್ತದೆ.

ಇನ್ನು ಬೇಟೆಯ ಮಾತು. ಸ್ವೀಡನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕು ಬೇಟೆಗಾರರಿದ್ದಾರೆ. ೧೯೮೫ರಿಂದೀಚೆಗೆ ಹೊಸಬರು ಪರೀಕ್ಷೆಯಲ್ಲಿ ತೇರ್ಗಡೆಯಾದ ಹೊರತು ಅವರಿಗೆ ಕೋವಿಯ ಪರವಾನಗಿ ದೊರೆಯುವುದಿಲ್ಲ. ಪ್ರಾಣಿಶಾಸ್ತ್ರ, ಕಾಯಿದೆ, ಗುರಿ ಎಲ್ಲವೂ ಆ ಪರೀಕ್ಷೆಯಲ್ಲಿ ಸೇರಿವೆ. ಹೀಗೆ ಪರೀಕ್ಷೆಗೆ ಕೂರುವವರಲ್ಲಿ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ಓಸ್ಟರ್‌ಸುಂಡಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಹಳ್ಳಿಯೊಂದರ ಮನೆಯಲ್ಲಿ ಹದಿನೆಂಟು ತುಂಬಿದ ಅಂಥ ಹುಡುಗಿಯೊಬ್ಬಳು ವಸಂತದಲ್ಲಿ ಪರೀಕ್ಷೆ ಮುಗಿಸಿದಳು. ಆ ಮನೆಯ ತಾತ ಐವತ್ತು ವರ್ಷ ಬೇಟೆಯಾಡಿದವನು. ಕಣ್ಣಿಗೆ ಪೊರೆ ಬಂದು ಆ ವರ್ಷ ಅವನು ಕಾಡಿಗಿಳಿಯುವಂತಿರಲಿಲ್ಲ. ಅವನ ಠಾವಿನಲ್ಲಿ ಮೊಮ್ಮಗಳು ನಿಲ್ಲುವುದೆಂದು ತೀರ್ಮಾನವಾಯಿತು. ಯಾವ ಕೋವಿಯೊಡನೆ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಹುಡುಗಿಯ ಚಿಕ್ಕಪ್ಪ ಪಟ್ಟಣದವನು, ಕೈಯಲ್ಲಿ ಹಣವಿದ್ದವನು. ಮಗುವಿನ ಮೊದಲ ಕೋವಿಯನ್ನು ತಾನೇ ಕೊಡಿಸುತ್ತೇನೆಂದು ಓಸ್ಟರ್‌ಸುಂಡಿನ ಒಂದು ಅಂಗಡಿಗೆ ಕರೆದುಕೊಂಡು ಹೋದ. "ಮೂಸ್ ಎಂದರೆ ಮೊಲವಲ್ಲ. ದೊಡ್ಡ ಪ್ರಾಣಿಗೆ ದೊಡ್ಡ ಗುಂಡು" ಎಂಬುದು ಅವನ ವಾದ. ಅವನ ಬೆರಳು ತೋರಿಸಿದ್ದು .೩೩೮ ಮ್ಯಾಗ್ನಮ್ ರೈಫಲನ್ನು. ೧೯೫೮ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿ ಅಲಾಸ್ಕದ ಮೂಸ್, ಕರಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರತಂದ ತೋಟಾ ಅದು. ಅಂಗಡಿಯವನು ಬೇರೆ ಕೋವಿಗಳನ್ನೂ ಮೇಜಿನ ಮೇಲೆ ಹರಡಿದ. .೩೦-೦೬ ಇತ್ತು, ಅಮೆರಿಕದ ಸೈನ್ಯಕ್ಕೆ ೧೯೦೬ರಲ್ಲಿ ಬಂದ ಈ ತೋಟಾ ಸ್ವೀಡನ್ನಿನ ಕಾಡಿನಲ್ಲಿ ಮನೆಮಾತು. ಅದರ ತಮ್ಮನಂತಿರುವ .೩೦೮ ಇತ್ತು. ಬರ್ಲಿನ್ನಿನ ಓಟ್ಟೋ ಬಾಕ್ ಎಂಬ ಕೋವಿ ಕುಶಲಿ ೧೯೦೫ರಲ್ಲಿ ಆಫ್ರಿಕದ ವಲಸೆಗಾರರಿಗೆಂದು ರೂಪಿಸಿದ, ಕೊನೆಗೆ ಸ್ವೀಡನ್ನಿನಲ್ಲಿ ಬಹುಜನಪ್ರಿಯವಾದ ೯.೩ ಮಿಲಿಮೀಟರಿನದೂ ಇತ್ತು. ಹುಡುಗಿ ಒಂದೊಂದನ್ನೂ ಎತ್ತಿ ನೋಡಿದಳು. ಕಟ್ಟಕಡೆಗೆ, "ತಾತನ ಕೋವಿ ಸಾಲದೆ?" ಎಂದು ಕೇಳಿದಳು.

ತಾತನ ಕೋವಿ ೬.೫ ಮಿಲಿಮೀಟರಿನ ಮೌಸರ್. ಅದರ ಗುಂಡಿನ ಅಡ್ಡಳತೆ ಒಂದು ಪೆನ್ಸಿಲ್ಲಿನಷ್ಟೂ ಇಲ್ಲ. ಪಕ್ಕದಲ್ಲಿ ಮ್ಯಾಗ್ನಮ್ಮಿನ ತೋಟಾ ಇಟ್ಟರೆ ಗೌಡರ ಪಕ್ಕದಲ್ಲಿ ಶಾನುಭೋಗರ ಹುಡುಗ ನಿಂತ ಹಾಗೆ. ಚಿಕ್ಕಪ್ಪ ನಕ್ಕುಬಿಟ್ಟ. ಅಂಗಡಿಯವನು ನಗಲಿಲ್ಲ. ವ್ಯಾಪಾರಕ್ಕೆ ನಷ್ಟವಾಗುವ ಮಾತನ್ನು ಹೇಳುವ ಅಂಗಡಿಯವರು ಎಲ್ಲ ದೇಶದಲ್ಲಿಯೂ ಅಲ್ಲೊಬ್ಬ ಇಲ್ಲೊಬ್ಬರಿದ್ದಾರೆ. "ಕಾಯಿದೆಗೆ ಸಾಕು; ಮೂಸ್‌ಗೂ ಸಾಕು. ಹುಡುಗಿಗೆ ಒಗ್ಗುತ್ತದೆಯೇ ಎಂಬುದನ್ನು ಮಾತ್ರ ನೋಡಬೇಕು" ಎಂದ.

ಕಾಯಿದೆಯ ವಿಷಯ ಸ್ವಲ್ಪ ಲೆಕ್ಕಾಚಾರದ್ದು. ಆದರೆ ಇಡೀ ಪ್ರಶ್ನೆಯ ಕೀಲು ಅಲ್ಲಿಯೇ ಇದೆ. ಮೂಸ್‌ಗೆ ಉಪಯೋಗಿಸುವ ಗುಂಡು ಮೈಯೊಳಗೆ ಹೊಕ್ಕಾಗ ಅರಳುವಂಥದಾಗಿರಬೇಕು. ಅದರ ತೂಕ ೯ ಗ್ರಾಂಗೆ ಕಡಿಮೆಯಿರಕೂಡದು. ೯ ಗ್ರಾಮಿನ ಗುಂಡಾದರೆ ೧೦೦ ಮೀಟರ್ ದೂರದಲ್ಲಿ ಅದಕ್ಕೆ ೨,೭೦೦ ಜೂಲ್ ಶಕ್ತಿ ಉಳಿದಿರಬೇಕು. ಆದರೆ ತೂಕ ೧೦ ಗ್ರಾಂ ಮುಟ್ಟಿತೆಂದರೆ ೨,೦೦೦ ಜೂಲ್ ಇದ್ದರೆ ಸಾಕು. ತಾತನ ೬.೫ಕ್ಕೆಂದು ತಯಾರಾಗುವ ಭಾರದ ಗುಂಡು ೧೦.೧ ಗ್ರಾಂ! ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಹೆಚ್ಚು. ಆ ಒಂದು ಗುಲಗಂಜಿಯಷ್ಟು ಲೋಹ ದೇಶದ ಎಷ್ಟೋ ಹಳೆಯ ಕೋವಿಗಳನ್ನು ಅಟ್ಟಕ್ಕೆ ಸೇರದಂತೆ ಉಳಿಸಿದೆ.

ಈ ತೋಟಾದ ಚರಿತ್ರೆಯೂ ವಿಚಿತ್ರವಾದದ್ದು. ಸ್ವೀಡನ್ ಮತ್ತು ನಾರ್ವೆ ಒಂದೇ ದೊರೆಯ ಕೆಳಗಿದ್ದ ಕಾಲದಲ್ಲಿ, ೧೮೯೦ರ ದಶಕದ ಮೊದಲ ವರ್ಷಗಳಲ್ಲಿ, ಎರಡು ದೇಶಗಳ ಅಧಿಕಾರಿಗಳೂ ಕುಳಿತು ತಮ್ಮ ಸೈನ್ಯಗಳಿಗೆಂದು ಇದನ್ನು ರೂಪಿಸಿದರು. ೧೯೦೫ರಲ್ಲಿ ಆ ಎರಡು ದೇಶಗಳೂ ಬೇರೆಯಾದುವು. ತೋಟಾ ಮಾತ್ರ ಇಬ್ಬರಲ್ಲಿಯೂ ಉಳಿಯಿತು. ಜರ್ಮನಿಯ ಮೌಸರ್ ವಿನ್ಯಾಸದ 'ಮಾದರಿ ೯೬' ಕೋವಿಯನ್ನು ಸ್ವೀಡನ್ನಿನ ಎಸ್ಕಿಲ್‌ಸ್ಟೂನ ಪಟ್ಟಣದ ಕಾರ್ಲ್ ಗುಸ್ತಾವ್ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಿಸಿದರು. ೧೬೮೯ರಿಂದ ಆಯುಧ ಮಾಡುತ್ತಿದ್ದ, ಇಂದು ಮರ ಕೊಯ್ಯುವ ಯಂತ್ರಗಳಿಗಾಗಿ ಲೋಕದಲ್ಲೆಲ್ಲ ಹೆಸರಾದ, ಹುಸ್ಕ್ವರ್ನ ಕಾರ್ಖಾನೆಯಲ್ಲಿಯೂ ಆ ಜಾತಿಯ ಕೋವಿಗಳಾದುವು. ಕೋವಿಯ ಮರದ ಬುಡದಲ್ಲಿ ಹಿತ್ತಾಳೆಯ ಒಂದು ದುಂಡು ಬಿಲ್ಲೆ. ಆ ಕೋವಿಯ ನಳಿಗೆ ಎಷ್ಟು ಸವೆದಿದೆ ಎಂಬುದನ್ನು ಸೈನ್ಯದ ಕಮ್ಮಾರ ಅದರ ಮೇಲೆ ಗುರುತು ಹಾಕುತ್ತಿದ್ದ. ಕೋವಿಗೆ ಅದೊಂದು ಜಾತಕವಿದ್ದಂತೆ. ೧೮೧೪ರ ಅನಂತರ ಸ್ವೀಡನ್ ಯಾವ ರಾಷ್ಟ್ರದ ಮೇಲೂ ಯುದ್ಧ ಹೂಡಲಿಲ್ಲ. ಹೀಗಾಗಿ ಶತ್ರುಸೈನ್ಯಕ್ಕೆಂದು ಹುಟ್ಟಿದ ಈ ತೋಟಾ ತನ್ನ ಕೀರ್ತಿಯನ್ನು ಪಾಪ, ಮೂಸ್‌ಗಳ ಮೇಲೆಯೇ ಸಂಪಾದಿಸಬೇಕಾಯಿತು.

ಇಷ್ಟು ಸಣ್ಣ ಗುಂಡು ಅಷ್ಟು ದೊಡ್ಡ ಒಡಲನ್ನು ಹೇಗೆ ಭೇದಿಸೀತು? ಗೋಣಿಚೀಲ ಹೊಲಿಯುವವರನ್ನು ಕೇಳಿದರೆ ಉತ್ತರ ಸಿಕ್ಕುತ್ತದೆ. ಒಂದೇ ತೂಕದ ಕಬ್ಬಿಣದಿಂದ ಒಂದು ಗೋಲಿಯನ್ನೂ ಒಂದು ದಬ್ಬಳವನ್ನೂ ಮಾಡಿದರೆ ಚೀಲದೊಳಕ್ಕೆ ಆಳವಾಗಿ ಹೋಗುವುದು ಯಾವುದು? ೬.೫ರ ಗುಂಡು ತನ್ನ ಅಡ್ಡಳತೆಗೆ ಬಹಳ ಉದ್ದವಾದದ್ದು. ತೂಕವೆಲ್ಲ ಒಂದೇ ಗೆರೆಯಲ್ಲಿ ಹಿಂದಿನಿಂದ ತಳ್ಳುತ್ತದೆ. ಭುಜದ ಹಿಂಬದಿಯಲ್ಲಿ, ಎರಡು ಶ್ವಾಸಕೋಶಗಳಿರುವ ಕಡೆ ಅದು ಹೊಕ್ಕರೆ ಎಷ್ಟು ದೊಡ್ಡ ಮೂಸ್ ಆದರೂ ಬಹಳ ದೂರ ಹೋಗಲಾರದು. ಹೊಟ್ಟೆಗೆ ಬಿದ್ದರೆ ಎಷ್ಟು ದೊಡ್ಡ ಗುಂಡಾದರೂ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ನಾಲ್ಕು ಬೆರಳು ಆಚೆ ಈಚೆ ಎಂಬುದರಲ್ಲಿ ಇರುವ ಅಂತರ ಎರಡು ತೋಟಾಗಳ ನಡುವೆ ಇಲ್ಲ.

ಆ ನಾಲ್ಕು ಬೆರಳು ಅತ್ತಿತ್ತ ಆಗುವುದು ಬಹುಮಟ್ಟಿಗೆ ಕೋವಿಯ ಒದೆತದಿಂದ. .೩೩೮ ಮ್ಯಾಗ್ನಮ್ಮಿನ ಒದೆತ ೬.೫ರ ಎರಡರಷ್ಟಕ್ಕಿಂತಲೂ ಹೆಚ್ಚು. ಬಲವಾದ ಒದೆತವನ್ನು ನಾಲ್ಕು ಸಲ ಉಂಡ ಹೆಗಲು ಐದನೆಯ ಸಲ ಬೆರಳು ಟ್ರಿಗರ್ ಒತ್ತುವುದಕ್ಕೆ ಮೊದಲೇ ಬೆಚ್ಚುತ್ತದೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಳಿಗೆಯ ತುದಿ ತಗ್ಗುತ್ತದೆ. ಹೊಡೆದವನಿಗೆ ಇದಾವುದೂ ತಿಳಿಯುವುದಿಲ್ಲ. ಗಂಡಸರು ಇದನ್ನು ಒಪ್ಪಿಕೊಳ್ಳುವುದು ಇನ್ನೂ ಕಡಿಮೆ.

ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದ ರಾತ್ರಿ ತಾತ ತನ್ನ ಒಂದು ಹಳೆಯ ಗುಟ್ಟನ್ನು ಮೊಮ್ಮಗಳ ಮುಂದೆ ಬಿಚ್ಚಿದ. ಮೂವತ್ತು ವರ್ಷಗಳ ಹಿಂದೆ, ಜೊತೆಯವರ ಮಾತು ಕೇಳಿ, ಅವನು ಈ ಮೌಸರನ್ನು ಮೂಲೆಗೊತ್ತಿ ಒಂದು ೯.೩ ಕೊಂಡುಕೊಂಡಿದ್ದ. ತಿಂಗಳೊಂದರಲ್ಲಿ ಅದರ ಒದೆತಕ್ಕೆ ಒಳಗೊಳಗೇ ಅಂಜತೊಡಗಿದ. ಆ ಅಕ್ಟೋಬರಿನಲ್ಲಿ ಐವತ್ತು ಮೀಟರಿನಲ್ಲಿ ನಿಂತಿದ್ದ ಒಂದು ಹೆಣ್ಣು ಮೂಸ್‌ಗೆ ಹೊಡೆದ ಗುಂಡು ಹಿಂದಕ್ಕೆ ಬಿತ್ತು. ನಾಯಿಯೊಡನೆ ಎರಡು ದಿನ ಹುಡುಕಿದರು. ಮೂರನೆಯ ದಿನ ಬೆಳಿಗ್ಗೆ ಒಂದು ಹಳ್ಳದಲ್ಲಿ, ಇನ್ನೂ ಜೀವ ಹಿಡಿದುಕೊಂಡು ಮಲಗಿದ್ದುದು ಕಂಡಿತು.

"ಅದು ನನ್ನ ಕಡೆ ತಿರುಗಿ ನೋಡಿತು ಮಗು" ಎಂದ ತಾತ. "ಅಷ್ಟೆ. ಮಾರನೆಯ ವಾರವೇ ಆ ಕೋವಿಯನ್ನು ಮಾರಿಬಿಟ್ಟೆ."

"ತಪ್ಪು ಕೋವಿಯದಲ್ಲವಲ್ಲ ತಾತ."

"ಕೋವಿಯದಲ್ಲ. ಅದರಿಂದ ಒಳ್ಳೆಯ ಬೇಟೆಗಾರರು ಎಷ್ಟೋ ಜನ ಹೊಡೆಯುತ್ತಾರೆ. ನನ್ನ ಹೆಗಲು ಅದಕ್ಕೆ ಒಪ್ಪಲಿಲ್ಲ. ಒಪ್ಪಲಿಲ್ಲವೆಂದು ಹೇಳಲು ನನಗೆ ನಾಚಿಕೆಯಾಯಿತು."

ಹೀಗೆ ಹಳೆಯ ಮೌಸರ್ ಮತ್ತೆ ಹೊರಬಂತು. ತಾತನದೇ ಆದರೂ ಮೊಮ್ಮಗಳ ಹೆಸರಿಗೆ ಪೊಲೀಸರ ಪರವಾನಗಿ ಬೇರೆಯಾಗಿಯೇ ಬರಬೇಕು, ಅದು ಬಂತು. ಅಲ್ಲಿಂದ ಮುಂದಿನದು ಕೋವಿ ರಿಪೇರಿಯವನ ಕೆಲಸ. ಅವನು ಮೊದಲು ಹುಡುಗಿಗೆ, "ಕಣ್ಣು ಮುಚ್ಚಿಕೊಂಡು ಹೆಗಲಿಗೆ ಏರಿಸಮ್ಮ, ಈಗ ಕಣ್ಣು ಬಿಡು" ಎಂದ. ಕಣ್ಣು ಬಿಟ್ಟಾಗ ನೋಟ ನೇರವಾಗಿ ಗುರಿಯ ಗೆರೆಯಲ್ಲಿದ್ದರೆ ಕೋವಿ ಅಳತೆಗೆ ಸರಿ. ಕತ್ತನ್ನು ಎತ್ತಿ ಇಳಿಸಿ ಹುಡುಕಬೇಕಾದರೆ ಸರಿಯಲ್ಲ. ಅವಳ ತೋಳು ತಾತನದಕ್ಕಿಂತ ಗಿಡ್ಡ. ಬುಡದ ಮರವನ್ನು ಎರಡು ಬೆರಳಷ್ಟು ಕತ್ತರಿಸಿ ರಬ್ಬರಿನ ಮೆತ್ತೆ ಕೂಡಿಸಿದ. ಸೈನ್ಯದ ಉದ್ದನೆಯ ನಳಿಗೆಯನ್ನು ತಾತ ಹಿಂದೆಯೇ ಮೊಟಕು ಮಾಡಿಸಿದ್ದ. ಅದರ ತುದಿಗೆ ಸದ್ದಡಗಿಸುವ ಕೊಳವೆ ಬಂತು. ಇಂದು ಸ್ವೀಡನ್ನಿನಲ್ಲಿ ಅದು ಸರ್ವಸಾಮಾನ್ಯ. ಕಿವಿಗೂ ಹಿತ, ಒದೆತವೂ ತಗ್ಗುತ್ತದೆ, ನಾಯಿಯೂ ಬೆದರುವುದಿಲ್ಲ.

ದುರ್ಬೀನಿನ ವಿಷಯದಲ್ಲಿ ಇನ್ನೊಂದು ಚರ್ಚೆ ನಡೆಯಿತು. ಚಿಕ್ಕಪ್ಪ ಬಹುದೂರ ತೋರಿಸುವ ದುರ್ಬೀನನ್ನು ತಂದಿದ್ದ. ಆದರೆ ಯೆಮ್ಟ್‌ಲಾಂಡಿನ ದಟ್ಟ ಕಾಡಿನಲ್ಲಿ ಮೂಸ್ ಕಾಣಿಸಿಕೊಳ್ಳುವುದು ಬಹುವೇಳೆ ೧೦೦ ಮೀಟರಿನ ಒಳಗೆ. ಅಷ್ಟು ಹತ್ತಿರದಲ್ಲಿ ದೊಡ್ಡದು ಮಾಡಿ ತೋರಿಸುವ ಗಾಜಿನೊಳಗೆ ಬರಿಯ ಕಂದು ರೋಮ ಕಾಣುತ್ತದೆಯೇ ಹೊರತು ಅದು ಭುಜವೋ ತೊಡೆಯೋ ತಿಳಿಯುವುದಿಲ್ಲ. ಗಾಜಿನೊಳಗೆ ಒಂದು ಕೆಂಪು ಬೆಳಕಿನ ಚುಕ್ಕೆ ತೇಲುವಂತೆ ಮಾಡಿ, ಎರಡು ಕಣ್ಣನ್ನೂ ತೆರೆದು ಗುರಿಯಿಡುವ ಸಾಧನವನ್ನು ೧೯೭೫ರಲ್ಲಿ ಮಾರುಕಟ್ಟೆಗೆ ತಂದದ್ದು ಏಮ್‌ಪಾಯಿಂಟ್ ಎಂಬ ಸ್ವೀಡಿಷ್ ಸಂಸ್ಥೆಯೇ. ಓಡುವ ಮೂಸ್‌ಗಳ ನಾಡಿನಲ್ಲಿ ಆ ಯೋಚನೆ ಹೊಳೆದದ್ದು ಆಶ್ಚರ್ಯವಲ್ಲ. ಹುಡುಗಿಯ ಕೋವಿಗೆ ಅದೇ ಬಂದು ಕುಳಿತಿತು. ಚಿಕ್ಕಪ್ಪನ ಹಣಕ್ಕೂ ಒಂದು ಸದ್ವಿನಿಯೋಗವಾದಂತಾಯಿತು.

ಬೇಸಿಗೆಯುದ್ದಕ್ಕೂ ಅಭ್ಯಾಸ ನಡೆಯಿತು. ಹಳ್ಳಿಹಳ್ಳಿಯಲ್ಲಿಯೂ ಒಂದು 'ಮೂಸ್ ಬಯಲು' ಇರುತ್ತದೆ. ೮೦ ಮೀಟರ್ ದೂರದಲ್ಲಿ ಹಳಿಯ ಮೇಲೆ ಕಾಗದದ ಮೂಸ್. ಅದು ನಿಂತಾಗ ಹೊಡೆಯಬೇಕು, ಓಡಿದಾಗಲೂ ಹೊಡೆಯಬೇಕು. ಈ ಆಟದಲ್ಲಿ ಸ್ವೀಡಿಷರ ಶ್ರದ್ಧೆಯನ್ನು ಹೇಳಲು ಒಬ್ಬನ ಹೆಸರು ಸಾಕು: ಆಸ್ಕರ್ ಸ್ವಾನ್. ಓಡುವ ಜಿಂಕೆಯ ಗುರಿಗೆ ಹೊಡೆಯುವುದು ಒಲಿಂಪಿಕ್ ಪಂದ್ಯವಾಗಿದ್ದ ಕಾಲದಲ್ಲಿ ಅವನು ೧೯೧೨ರಲ್ಲಿ ೬೪ನೆಯ ವಯಸ್ಸಿನಲ್ಲಿ ಚಿನ್ನ ಗೆದ್ದ. ಅಷ್ಟಕ್ಕೇ ತೃಪ್ತನಾಗದೆ ೧೯೨೦ರ ಆಂಟ್‌ವರ್ಪ್ ಕೂಟದಲ್ಲಿ ೭೨ನೆಯ ವಯಸ್ಸಿನಲ್ಲಿ ತಂಡದೊಡನೆ ಬೆಳ್ಳಿಯನ್ನೂ ತಂದ. ನಮ್ಮ ಹುಡುಗಿ ಒಲಿಂಪಿಕ್ಸಿಗೇನೂ ಹೊರಟಿರಲಿಲ್ಲ. ಆದರೆ ಒದೆತಕ್ಕೆ ಅಂಜದವಳಾದ್ದರಿಂದ ದಿನಕ್ಕೆ ಇಪ್ಪತ್ತು ಮೂವತ್ತು ಈಡು ಹೊಡೆದರೂ ದಣಿಯುತ್ತಿರಲಿಲ್ಲ. ಆಗಸ್ಟ್ ಮುಗಿಯುವ ಹೊತ್ತಿಗೆ ಕಾಗದದ ಮೂಸ್‌ನ ಭುಜದ ಹಿಂದೆ ಅಂಗೈಯಗಲ ಜಾಗ ಜರಡಿಯಾಗಿತ್ತು.

ಆ ಸೋಮವಾರ ಬಂತು. ಬೇಟೆಯ ಯಜಮಾನ ಎಲ್ಲರನ್ನೂ ಕೂಡಿಸಿ ಎಷ್ಟು ದೊಡ್ಡವು, ಎಷ್ಟು ಕರುಗಳು ಎಂದು ನೆನಪಿಸಿದ. ತಾಯಿಯನ್ನು ಕೊಂದು ಕರುವನ್ನು ತಬ್ಬಲಿ ಮಾಡುವುದು ಕಾಯಿದೆಗೆ ವಿರುದ್ಧ. ಅನಂತರ ಒಬ್ಬೊಬ್ಬರೂ ತಮ್ಮ ಠಾವಿಗೆ ಹೋದರು. ಮಲೆನಾಡಿನ ಹಳೆಯ ಬೇಟೆಗಾರರು 'ಬಿಲ್ಲಿಗೆ ನಿಲ್ಲುವುದು' ಎನ್ನುತ್ತಿದ್ದರಲ್ಲ, ಅದೇ ಕ್ರಮ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಆ ಮಾತು ಕಾದಂಬರಿಗಳಲ್ಲಿ ಮಾತ್ರ ಉಳಿದಿದೆ. ಇಲ್ಲಿ ಹಳು ಸೋಹುವ ಆಳುಗಳಿಲ್ಲ; ಆ ಕೆಲಸ ಯೆಮ್ಟ್ ನಾಯಿಯದು. ೧೯೪೬ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದ, ತೋಳನ ಬಣ್ಣದ, ಸುರುಳಿ ಬಾಲದ ಈ ನಾಯಿ ಒಂಟಿಯಾಗಿ ಕಾಡು ಹೊಕ್ಕು ಮೂಸನ್ನು ಹುಡುಕುತ್ತದೆ. ಸಿಕ್ಕಿದ ಮೇಲೆ ಎದುರು ನಿಂತು ಬೊಗಳುತ್ತ ಅದನ್ನು ತಡೆದು ನಿಲ್ಲಿಸುತ್ತದೆ.

ಎಂಟು ಗಂಟೆಯ ವೇಳೆಗೆ ಜೌಗಿನಾಚೆ ಬೊಗಳು ಕೇಳಿಸಿತು. ಬೊಗಳು ಹತ್ತಿರವಾಯಿತು. ಬರ್ಚ್ ಮರಗಳ ನಡುವೆ ಮೊದಲು ಕಂಡದ್ದು ಬಿಳುಪಾದ ಕಾಲುಗಳು, ಅನಂತರ ಒಂದು ಎಳೆಯ ಗಂಡಿನ ಕತ್ತು. ಅರುವತ್ತು ಮೀಟರ್. ಮುಂದೆ ಒಂದು ಮರ ಅಡ್ಡವಿತ್ತು. ಹುಡುಗಿ ಕಾದಳು. ಮೂಸ್ ಎರಡು ಹೆಜ್ಜೆ ಇಟ್ಟಿತು. ಕೆಂಪು ಚುಕ್ಕೆ ಭುಜದ ಹಿಂದಕ್ಕೆ ಬಂತು, ಈಡು ಹಾರಿತು.

ಏನೂ ಆಗಲಿಲ್ಲ. ಮೂಸ್ ಹಾಗೆಯೇ ನಿಂತಿತ್ತು. ಹೊಸಬರು ಎದೆಗೆಡುವುದು ಈ ಗಳಿಗೆಯಲ್ಲಿಯೇ. ಗುರಿ ತಪ್ಪಿತೆಂದು ಕೋವಿ ಇಳಿಸಿಬಿಡುತ್ತಾರೆ. ಶ್ವಾಸಕೋಶಕ್ಕೆ ಗುಂಡು ತಗುಲಿದ ಮೂಸ್ ಎಷ್ಟೋ ವೇಳೆ ಏನೂ ಆಗದಂತೆ ನಿಂತುಬಿಡುತ್ತದೆಂದು ತಾತ ನೂರು ಸಲ ಹೇಳಿದ್ದ. 'ನಿಂತಿರುವಷ್ಟು ಹೊತ್ತೂ ಹೊಡೆ' ಎಂಬುದು ಅವನ ಸೂತ್ರ. ಹೆಗಲಿನಿಂದ ಕೋವಿ ಇಳಿಸದೆಯೇ ಅವಳು ಬೋಲ್ಟ್ ಎಳೆದು ಎರಡನೆಯ ಈಡನ್ನು ಅದೇ ಜಾಗಕ್ಕೆ ಹೊಡೆದಳು. ಮೂಸ್ ಇಪ್ಪತ್ತು ಹೆಜ್ಜೆ ನಡೆದು ಜೌಗಿನಂಚಿನಲ್ಲಿ ಮಡಿಸಿಕೊಂಡು ಬಿತ್ತು. ಗಾಯಗೊಂಡ ಪ್ರಾಣಿ ಓಡಿಹೋದರೆ ಎರಡು ಗಂಟೆಯೊಳಗೆ ಜಾಡು ಹಿಡಿಯುವ ನಾಯಿ ಅಲ್ಲಿಗೆ ಬರುವಂತಿರಬೇಕೆಂದು ನಿಯಮವಿದೆ. ಅಂದು ಅದರ ಅಗತ್ಯ ಬೀಳಲಿಲ್ಲ. ಆಮೇಲೆ ನೋಡಿದಾಗ ಎರಡು ಗುಂಡುಗಳೂ ಒಂದು ಗೇಣಿನೊಳಗೆ ಬಿದ್ದಿದ್ದುವು. ಹುಡುಗಿ ಮಾತ್ರ ಬಹಳ ಹೊತ್ತು ಅದರ ಪಕ್ಕದಲ್ಲಿ ಕೂತಿದ್ದಳು. ಜೊತೆಯವರು ಬಂದು ಬೆನ್ನು ತಟ್ಟಿದಾಗ ಅವಳ ಕಣ್ಣು ಒದ್ದೆಯಾಗಿತ್ತೆಂದು ಹೇಳುತ್ತಾರೆ. ಯಾರೂ ಅದಕ್ಕೆ ನಗಲಿಲ್ಲ.

ಮಾಂಸವನ್ನು ಕೊಟ್ಟಿಗೆಯ ತೊಲೆಗೆ ತೂಗುಹಾಕಿದರು. (ಸಸ್ಯಾಹಾರಿ ಓದುಗರು ಈ ಎರಡು ವಾಕ್ಯಗಳನ್ನು ದಾಟಿ ಹೋಗಬಹುದು.) ದಿನದ ಉಷ್ಣಾಂಶವನ್ನು ದಿನದಿನವೂ ಕೂಡುತ್ತ ಹೋಗಿ ಮೊತ್ತ ೪೦ ಆಗುವವರೆಗೆ, ಅಂದರೆ ೮ ಡಿಗ್ರಿಯ ಹವೆಯಾದರೆ ಐದು ದಿನ, ಅದು ಹಾಗೆಯೇ ತೂಗಬೇಕು, ಆಮೇಲೆ ತಂಡದವರಿಗೆಲ್ಲ ಪಾಲು. ಚಳಿಗಾಲದ ಆರು ತಿಂಗಳಿಗೆ ಎಷ್ಟೋ ಮನೆಗಳ ಅಡಿಗೆ ಅದರಿಂದಲೇ ನಡೆಯುತ್ತದೆ.

ಅಂದು ರಾತ್ರಿ ಹುಡುಗಿ ಅಡಿಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೋವಿ ಬಿಚ್ಚಿದಳು. ಸಲಾಕಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಆಡಿಸಿದಳು. ಚಿಕ್ಕಪ್ಪ ದೀಪ ಹಿಡಿದ. ಪೊರೆ ಬಂದ ಕಣ್ಣಿನ ತಾತ ನಳಿಗೆಯನ್ನು ಕಿಟಕಿಯ ಕಡೆ ಎತ್ತಿ, ಏನೂ ಕಾಣದಿದ್ದರೂ ಒಂದು ನಿಮಿಷ ಇಣುಕಿ ನೋಡಿದ.

"ಇನ್ನೊಂದು ಸಲ ಒರೆಸು ಮಗು" ಎಂದು ಹಿಂದಕ್ಕೆ ಕೊಟ್ಟ.